ಭಾವನ ಬಲಗಾಲು

ನಮ್ಮ ಅಕ್ಕನ ಗಂಡನ ಬಲಗಾಲು ಅವರ ಮಾತು ಕೇಳುವುದನ್ನು ಬಿಟ್ಟು ಒಂದು ವರ್ಷವಾಗಿತ್ತು. ಭಾವ ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕ ಕೂತು, ತಮ್ಮ ಕಾಲ ಬಳಿಯ ಎರಡನೇ ಬ್ರೇಕನ್ನು ಬೇಕಾದಾಗ ಒತ್ತುವುದು ಅವರ ಕೆಲಸ. ಈಗ ಬೇಡವಾದಾಗಲೂ ಒತ್ತುತ್ತಿದ್ದರು. ಸಿನಿಮಾದಲ್ಲಿ ನಾಯಕ ಬೈಕ್ ಹತ್ತಿದರೆ ಮುಂದಿನ ಸೀಟಿನವರಿಗೆ ಒದೆ ಬೀಳುತ್ತಿತ್ತು. ಅಕ್ಕ ಸ್ವಲ್ಪ ಬಿರುಸಾಗಿ ಬಡಿಸಲು ಬಂದರೂ ಮೇಜಿನ ಕೆಳಗೆ ಧಡ್ ಎನ್ನುತ್ತಿತ್ತು. ನನ್ನ ಕಾರಿನಲ್ಲಂತೂ ಬ್ರೇಕೇ ಇಲ್ಲದ ಕಡೆ ಒತ್ತಿ ಒತ್ತಿ ಮ್ಯಾಟಿನಲ್ಲಿ ತೂತು ಮಾಡಿಟ್ಟಿದ್ದರು.

ಕಾರಣ ಎಲ್ಲರಿಗೂ ಗೊತ್ತಿತ್ತು. ಹಿಂದಿನ ವರ್ಷ ಕಲಿಯಲು ಬಂದ ಹುಡುಗಿಯೊಬ್ಬಳು ನಾಲ್ಕು ರಸ್ತೆ ಕೂಡುವಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿ ಲಾರಿಯ ಎದುರಿಗೇ ನುಗ್ಗಿದ್ದಳು. ಭಾವನ ಕಾಲು ಗಾಡಿಯನ್ನು ಲಾರಿಯಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಿತ್ತು. ಒಂದು ಗೀರೂ ಬೀಳಲಿಲ್ಲ. "ಏನೂ ಆಗಲಿಲ್ಲವಲ್ಲ, ಬಿಡಿ" ಎಂದು ಎಲ್ಲರೂ ಹೇಳಿದೆವು. ಎಲ್ಲರಿಗಿಂತ ಮೊದಲು ಹೇಳಿದವನು ನಾನು.

ಅಲ್ಲಿಂದೀಚೆಗೆ ಅವರ ಶಿಷ್ಯರಲ್ಲಿ ಎರಡನೇ ಗೇರಿನ ಮುಖ ಕಂಡವರಿಲ್ಲ. ಕೊನೆಗೆ ಅಪ್ಪನಿಂದಲೇ ಕಲಿಯುತ್ತೇನೆಂದು ಹಠ ಹಿಡಿದಿದ್ದ ಸ್ವಂತ ಮಗಳೂ ಮೂರನೇ ಪಾಠದ ದಿನ ಮುಖ ಊದಿಸಿಕೊಂಡು ಇಳಿದಳು. "ಅಪ್ಪಾ, ಇನ್ನೆರಡು ತಿಂಗಳಿಗೆ ಆಚೆ ಬೀದಿ ಸ್ಕೂಲಲ್ಲಿ ಹೊಸ ಬ್ಯಾಚ್ ಶುರುವಾಗುತ್ತೆ. ಅಲ್ಲಿ ಸೇರ್ಕೊಳ್ತೀನಿ."

ಆವತ್ತು ಭಾವ ಊಟ ಮಾಡಲಿಲ್ಲ. ಮರುದಿನ ನನ್ನ ಹತ್ತಿರ ಬಂದು, "ಯಾರಾದ್ರೂ ಒಳ್ಳೇ ಕೌನ್ಸೆಲರ್ ಗೊತ್ತೇನೋ? ಆ ಬ್ಯಾಚ್ ಶುರುವಾಗೋದ್ರೊಳಗೆ ಈ ಕಾಲು ಸರಿಹೋಗ್ಬೇಕು" ಎಂದರು. ಊರಿನವರಿಗೆಲ್ಲ ಕಲಿಸಿ ಸ್ವಂತ ಮಗಳಿಗೆ ಕಲಿಸಲಾಗದ ಅವಮಾನ ಅವರನ್ನು ಹಿಂಡುತ್ತಿತ್ತು.

ಮೊದಲನೆಯ ಕೌನ್ಸೆಲರ್ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ, ಎದುರಿಗೆ ಕೂತು, ತುಟಿ ಪಿಟಕ್ಕೆನ್ನದೆ ಮುಕ್ಕಾಲು ಗಂಟೆ ನೋಡಿದರಂತೆ. ವಾಪಸ್ ಬರುವಾಗ ನನ್ನ ಕಾರಿನಲ್ಲಿ ಪಕ್ಕ ಕೂತ ಭಾವ ರಸ್ತೆಯ ಮೇಲೇ ಕಣ್ಣಿಟ್ಟು ಹೇಳಿದರು: "ಇವರು ಯಾವ ಕಡೆ ತಿರುಗ್ತಾರೋ ಅಂತ ಕಾಯ್ತಾನೇ ಇದ್ದೆ ಕಣೋ. ಎದುರಾಬದುರಾ ಬಂದ್ರೆ ನಮ್ಮ ಕೆಲಸದಲ್ಲಿ ಅದಕ್ಕೆ ಆಕ್ಸಿಡೆಂಟ್ ಅಂತಾರೆ."

ಎರಡನೆಯವರು ಮಾತಿನ ಮಲ್ಲಿ. "ಇಂಡಿಕೇಟರ್ ಹಾಕದೇ ನನ್ನ ಬಾಲ್ಯಕ್ಕೆ ತಿರುಗಿಬಿಟ್ರು" ಎಂದು ಭಾವ ಗೊಣಗಿದರು. ಲಾರಿಯ ಕಥೆ ಕೇಳಿ ಆಕೆಯೂ, "ಕೊನೆಗೆ ಏನೂ ಆಗಲಿಲ್ಲವಲ್ಲ, ಅದಕ್ಕೆ ಖುಷಿಪಡಿ" ಎಂದಾಗ ಭಾವನ ಕಾಲು ಟೀಪಾಯಿಗೆ ಬಡಿದು ನೀರಿನ ಲೋಟ ಉರುಳಿತು. ಅಷ್ಟಾದರೂ ನಾಲ್ಕು ವಾರ ತಪ್ಪದೆ ಹೋದರು.

"ಬೇಡ ಅಂತ ಹೇಳೋಕೇನು ಧಾಡಿ ನಿಮಗೆ?" ಎಂದು ನಾನು ರೇಗಿದೆ.

"ಪಾಪ, ಕೈ ಇನ್ನೂ ಪಳಗಿಲ್ಲ. ಅವರೂ ಕಲೀಬೇಕಲ್ಲ" ಎಂದರು ಮೇಷ್ಟ್ರು.

ಹೀಗೆ ಐದು ವಾರ ಕೈಬಿಟ್ಟು ಹೋಯಿತು. ಮೂರನೆಯವರ ಕೋಣೆ ಕನ್ನಡಕದ ಅಂಗಡಿಯ ಮಹಡಿಯಲ್ಲಿತ್ತು. ನರೆಗೂದಲಿನ ಹೆಂಗಸು. ಅವರು ಮೊದಲು ಕೇಳಿದ್ದೇ, "ಹಿಂದೆ ಹೋದ ಕಡೆ ನಿಮಗೇನು ಹಿಡಿಸಲಿಲ್ಲ?" ಎಂದು. ಭಾವ ಎದುರಾಬದುರಿನ ಸಂಕಟ ತೋಡಿಕೊಂಡರು. ಆಕೆ ಎದ್ದು, ತಮ್ಮ ಕುರ್ಚಿಯನ್ನು ದರದರ ಎಳೆದು ಅವರ ಪಕ್ಕಕ್ಕೆ, ಕಿಟಕಿಗೆ ಮುಖವಾಗಿ ಹಾಕಿಕೊಂಡರು. ಕೆಳಗೆ ಪಾರ್ಕಿಂಗ್ ಜಾಗ. ಯಾರೋ ಮಹಾಶಯ ರಿವರ್ಸ್ ತೆಗೆಯಲು ಒದ್ದಾಡುತ್ತಿದ್ದ. ಭಾವ ಹತ್ತು ನಿಮಿಷ ಅವನ ಜನ್ಮ ಜಾಲಾಡಿದರು. ಆಕೆ ತಡೆಯಲಿಲ್ಲ. ಲಾರಿಯ ಕಥೆಯನ್ನೂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಆವತ್ತು ಗಾಡಿ ವಾಪಸ್ ಯಾರು ಓಡಿಸಿದ್ರು?" ಎಂದರು.

ಒಂದು ವರ್ಷದಲ್ಲಿ ನಾವ್ಯಾರೂ ಕೇಳದ ಪ್ರಶ್ನೆ ಅದು.

"ಆ ಹುಡುಗೀನೇ ಓಡಿಸಿದ್ಳು ಕಣೋ," ಭಾವ ಕಾರಿನಲ್ಲಿ ನನಗೆ ಹೇಳಿದರು. "ಹಾಡು ಗುನುಗ್ತಾ. ನನಗೆ ಕೈಕಾಲು ಬಿದ್ದುಹೋಗಿತ್ತು. ನನ್ನ ಮಗಳದ್ದೇ ವಯಸ್ಸು. ಏನೂ ಆಗದೇ ಇದ್ದದ್ದಕ್ಕೆ ಅಳೋದು ಹೇಗೆ ಹೇಳು?" ಹಾಗೆನ್ನುತ್ತಲೇ ಅತ್ತರು. ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಆ ಮ್ಯಾಟಿನ ತೂತನ್ನು ಬಂದ ನೆಂಟರಿಗೆಲ್ಲ ತೋರಿಸಿ ನಕ್ಕವನು ನಾನು. ನಾಚಿಕೆಯಾಯಿತು.

ಮೂರನೇ ಭೇಟಿಯಲ್ಲಿ ಆಕೆ, "ಕಾಲು ಏಳ್ತಿದೆ ಅನ್ನಿಸಿದಾಗ ಬಾಯಿ ತೆರೀರಿ. ಭಯ ಆಗ್ತಿದೆ ಅಂತ ಹೇಳಿಬಿಡಿ" ಎಂದರಂತೆ.

"ಮೇಷ್ಟ್ರಾಗಿ ಹಾಗನ್ನೋದಾ? ಶಿಷ್ಯರು ಹೆದರಲ್ವಾ?"

"ಈಗೇನು ಧೈರ್ಯವಾಗಿದ್ದಾರಾ?"

ಹೊಸ ಬ್ಯಾಚಿಗೆ ಎರಡು ದಿನ ಉಳಿದಿತ್ತು. ಭಾವ ಸ್ಕೂಲಿನ ಗಾಡಿ ತಂದು ಮಗಳನ್ನು ಕೂಗಿದರು. ಅವಳು ಊದಿದ ಮುಖದಲ್ಲೇ ಸ್ಟೀರಿಂಗ್ ಹಿಡಿದಳು. ನಾನು ಹಿಂದೆ ಕೂತೆ. ಭಾವ ಚಪ್ಪಲಿ ಬಿಚ್ಚಿ, ಬೆಲ್ಟ್ ಹಾಕಿಕೊಂಡು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದರು.

"ಅಪ್ಪಾ, ಇದೇನು ಅವತಾರ?"

"ನೀನು ಹೊರಡು."

ಅದೇ ನಾಲ್ಕು ರಸ್ತೆ ಬಂತು. ಅಡ್ಡರಸ್ತೆಯಲ್ಲಿ ದೂರದಿಂದ ಲಾರಿಯೊಂದು ಬರುತ್ತಿತ್ತು. ಭಾವನ ಬಲ ಮಂಡಿ ಮೇಲೇಳತೊಡಗಿತು. ಅವರು ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, "ಪುಟ್ಟಿ, ನನಗೆ ತುಂಬಾ ಭಯ ಆಗ್ತಿದೆ" ಎಂದರು.

"ನನಗೂ, ಅಪ್ಪಾ" ಎಂದಳು ರಸ್ತೆಯಿಂದ ಕಣ್ಣು ತೆಗೆಯದೆ.

ಆಗ ಧಡ್ ಎಂದು ಸದ್ದಾಯಿತು. ಭಾವ ಬೆಚ್ಚಿ ತಮ್ಮ ಕಾಲು ನೋಡಿಕೊಂಡರು. ಅದು ಮಡಚಿದಂತೆಯೇ ಇತ್ತು. ಒದ್ದದ್ದು ಹಿಂದಿನ ಸೀಟಿನಲ್ಲಿದ್ದ ನನ್ನ ಕಾಲು.

ಅಷ್ಟರಲ್ಲಿ ಅವಳೇ ಮೆತ್ತಗೆ ಗಾಡಿ ನಿಲ್ಲಿಸಿದ್ದಳು. ಲಾರಿ ಹಾದುಹೋಯಿತು.

"ನಿನಗೂ ಭಯವಾದ್ರೆ ಬಾಯಿಬಿಟ್ಟು ಹೇಳೋ" ಎಂದರು ಭಾವ ತಿರುಗದೆಯೇ.

"ಅಪ್ಪ, ಮಾವ, ಇಬ್ರೂ ಸ್ವಲ್ಪ ಸುಮ್ನಿರಿ. ನಾನು ಓಡಿಸ್ಬೇಕು" ಎಂದಳು ಅವಳು. ಗಾಡಿ ಹೊರಟಿತು, ರಸ್ತೆ ದಾಟಿತು. ಸ್ವಲ್ಪ ಮುಂದೆ ಹೋಗಿ ಅವಳು ಎರಡನೇ ಗೇರ್ ಹಾಕಿದಳು.