ಮಿಕ್ಕಿಬ್ಬರು ಏನಂದರು?

ಸೊರಬದ ಕೋರ್ಟಿನಲ್ಲಿ ಇಂಗ್ಲೆಂಡಿನ ತೀರ್ಪೊಂದನ್ನು ಉಲ್ಲೇಖಿಸಬೇಕು ಎಂಬ ಚಪಲ ನನಗೆ ಯಾಕೆ ಹತ್ತಿತೋ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೂ ಸುಳ್ಳೇ. ಜಂಬ, ಮತ್ತೇನಲ್ಲ. ಶಿಕಾರಿಪುರದಲ್ಲಿ ಕರಿ ಕೋಟು ಹಾಕಿ ಹನ್ನೆರಡು ವರ್ಷವಾಗಿತ್ತು. ಪಾಲು, ಬದು, ಬೇಲಿ ಇಷ್ಟರಲ್ಲೇ ಸುತ್ತಿ ಸುತ್ತಿ ಬೇಜಾರಾಗಿತ್ತು. ಒಮ್ಮೆಯಾದರೂ ನಮ್ಮ ವಕೀಲರ ಕೋಣೆಯಲ್ಲಿ ಎಲ್ಲರೂ ತಲೆಯೆತ್ತಿ ನೋಡುವಂಥ ಕೆಲಸ ಮಾಡೋಣ ಅನ್ನಿಸಿತ್ತು.

ಕೇಸು ಸೊರಬ ತಾಲ್ಲೂಕಿನ ಹೊಸಬಾಳೆಯ ಒಬ್ಬ ಹೆಂಗಸಿನದು. ಗಂಡ ತೀರಿಕೊಂಡ ಮೇಲೆ ಒಂದೂವರೆ ಎಕರೆ ಗದ್ದೆಯನ್ನು ತಾವೇ ನೋಡಿಕೊಳ್ಳುತ್ತಿದ್ದರು. ಮಾವನ ಕಾಲದಲ್ಲಿ ಅದು ದೊಡ್ಡ ಗದ್ದೆ. ಪಾಲಾದಾಗ ಒಳಗಿನ ತುಂಡು ಇವರ ಗಂಡನಿಗೆ, ರಸ್ತೆ ಕಡೆಯದು ಮೈದುನನಿಗೆ ಬಂತು. ಮೈದುನ ತನ್ನದನ್ನು ಮಾರಿದ. ಕೊಂಡವನು ಸುತ್ತ ತಂತಿ ಬೇಲಿ ಹಾಕಿದ, ಒಳಗದ್ದೆಗೆ ಹೋಗುವ ಬಂಡಿದಾರಿಯೂ ಬೇಲಿಯೊಳಗೆ ಸೇರಿಹೋಯಿತು. ಕೆರೆ ಏರಿಯ ಮೇಲೆ ಕಾಲುದಾರಿ ಇದೆಯಲ್ಲ, ಅದರಲ್ಲಿ ಓಡಾಡಲಿ ಎಂಬುದು ಅವನ ವಾದ. ಹಿಂದಿನ ವರ್ಷ ಈಕೆ ಅಷ್ಟೂ ಭತ್ತವನ್ನು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಆ ಏರಿಯ ಮೇಲೆ ತಂದಿದ್ದರು.

“ಈ ವರ್ಷ ನನ್ ಕೈಲಿ ಆಗಲ್ಲ ಲಾಯ್ರಮ್ಮ. ಮಂಡಿ ಹೋಗ್ಯಾವೆ. ದಾರಿ ಸಿಗ್ಲಿಲ್ಲ ಅಂದ್ರೆ ಗದ್ದೆ ಅವ್ನಿಗೇ ಕೊಟ್ಟು ಕೈ ತೊಳ್ಕಳದೇಯ,” ಅಂದಿದ್ದರು. ಅವನಿಗೆ ಬೇಕಾಗಿದ್ದೂ ಅದೇ.

ಕಾಲುದಾರಿ ಇದ್ದರೂ ಬಂಡಿದಾರಿ ಕೊಡಲೇಬೇಕು ಎಂದು ಹೇಳುವ ತೀರ್ಪಿಗಾಗಿ ಹುಡುಕಾಡಿದೆ. ನಮ್ಮಲ್ಲಿ ಸಿಕ್ಕಿದ್ದೆಲ್ಲ ಅತ್ತ ಪೂರ್ತಿ ಹೌದೂ ಅಲ್ಲ, ಇತ್ತ ಪೂರ್ತಿ ಅಲ್ಲವೂ ಅಲ್ಲ. ಹಾಗೆ ಹುಡುಕುತ್ತ ಇಂಗ್ಲೆಂಡಿನ ಹಳೆಯ ತೀರ್ಪುಗಳನ್ನು ಹಾಕಿರುವ ಒಂದು ಜಾಲತಾಣಕ್ಕೆ ಹೋಗಿ ಬಿದ್ದೆ. ಅಲ್ಲೊಂದು ಕೇಸು ಸಿಕ್ಕಿತು. ಅಯ್ಯೋ, ಏನು ಖುಷಿ ಅಂತೀರಿ! ಉಳುವ ಭೂಮಿಗೆ ಗಾಡಿ ಹೋಗದಿದ್ದರೆ ಅದನ್ನು ದಾರಿ ಅನ್ನಲು ಬರುವುದಿಲ್ಲ ಎಂದು ಅಲ್ಲಿನ ನ್ಯಾಯಮೂರ್ತಿಗಳು ಇಪ್ಪತ್ತು ಪುಟ ಬರೆದಿದ್ದರು. ನಮ್ಮ ಹೊಸಬಾಳೆಯನ್ನು ನೋಡಿಯೇ ಬರೆದ ಹಾಗಿತ್ತು. ಆ ಇಪ್ಪತ್ತು ಪುಟ ಮುದ್ರಿಸಿಕೊಂಡು, ಕೆಂಪು ಗೆರೆ ಎಳೆದು, ಲಿಖಿತ ವಾದದ ಜೊತೆ ಕೋರ್ಟಿಗೆ ಸಲ್ಲಿಸಿದೆ. ಎದುರು ವಕೀಲರಿಗೂ ಒಂದು ಪ್ರತಿ ಕೊಟ್ಟೆ. ಅವರು ಸೊರಬದ ಹಿರಿಯರು, ಮಾತಿನಲ್ಲಿ ಬಲು ಮರ್ಯಾದಸ್ಥರು. ಪ್ರತಿ ನೋಡಿ, “ಏನ್ ಮೇಡಂ, ಲಂಡನ್ನಿಗೇ ಹೋಗ್ಬಿಟ್ರಲ್ರೀ!” ಎಂದು ನಕ್ಕರು. ನಾನು ಉಬ್ಬಿಹೋದೆ.

ಅಂತಿಮ ವಾದದ ದಿನ ಬೆಳಿಗ್ಗೆ, ಬಸ್ಸಿಗೆ ಮುಂಚೆ ನಮ್ಮ ಗುರುಗಳ ಮನೆಗೆ ಹೋದೆ. ನನಗೆ ಕೆಲಸ ಕಲಿಸಿದ ಹಿರಿಯ ವಕೀಲರು ಅವರು. ಕಣ್ಣಿನ ಪೊರೆ ತೆಗೆಸಿದ ಮೇಲೆ ಕೋರ್ಟಿಗೆ ಬರುವುದನ್ನು ಬಿಟ್ಟಿದ್ದರು. ದೊಡ್ಡ ವಾದ ಇದ್ದ ದಿನ ನಾನು ಹೋಗಿ ಓದಿ ಹೇಳುವುದು, ಅವರು ಕಣ್ಣು ಮುಚ್ಚಿಕೊಂಡು ಕೇಳುವುದು, ಇದು ನಮ್ಮ ರೂಢಿ. ಇಂಗ್ಲೆಂಡಿನದನ್ನು ಕೊನೆಗೆಂದು ಉಳಿಸಿಕೊಂಡು, ಗಂಟಲು ಸರಿಮಾಡಿಕೊಂಡು ಓದಿದೆ.

ಅವರು ಕಣ್ಣು ಬಿಟ್ಟರು. “ಎಷ್ಟು ಮಂದಿ ಜಡ್ಜ್ ಕುಂತಿದ್ರವಾ ಅದ್ರಾಗೆ?”

“ಮೂವರು ಸರ್.”

“ಇದು ಒಬ್ಬರು ಬರ್ದಿದ್ದು. ಮಿಕ್ಕಿಬ್ಬರು ಏನಂದ್ರು?”

ಕೈಯಲ್ಲಿದ್ದ ಪುಟಗಳನ್ನು ಹಿಂದುಮುಂದು ತಿರುವಿದೆ. ನಮ್ಮ ಕಡೆ ಮೂವರು ಕೂತರೂ ಸಾಮಾನ್ಯವಾಗಿ ಒಬ್ಬರು ಎಲ್ಲರ ಪರವಾಗಿ ಬರೆಯುತ್ತಾರೆ. ಒಪ್ಪದವರಿದ್ದರೆ ವರದಿ ಪುಸ್ತಕದಲ್ಲಿ ಮೇಲೆಯೇ ಹಾಗಂತ ಸಾರಾಂಶ ಕೊಟ್ಟಿರುತ್ತಾರೆ. ಇಪ್ಪತ್ತನೇ ಪುಟಕ್ಕೆ ಮೊದಲನೆಯವರ ಬರಹ ಮುಗಿದಾಗ ತೀರ್ಪೇ ಮುಗಿಯಿತು ಅಂದುಕೊಂಡಿದ್ದೆ. ಕೆಳಗಿದ್ದದ್ದನ್ನು ಏನೋ ಬಾಲಂಗೋಚಿ ಎಂದು ಬಿಟ್ಟುಬಿಟ್ಟಿದ್ದೆ.

“ಅಲ್ಲಿ ಒಬ್ಬೊಬ್ಬರೂ ಬ್ಯಾರೆ ಬ್ಯಾರೆ ಬರೀತಾರವ್ವಾ. ಹಿರಿಯರು ಮೊದ್ಲು. ಹಿರಿಯರು ಅಂದಾಕ್ಷಣ ಗೆದ್ದರು ಅಂತಲ್ಲ. ಹೋಗು, ಬಸ್ಸಿನಾಗೆ ಓದು,” ಅಂದರು. ಚಹಾ ಕುಡಿಯದೆ ಎದ್ದೆ.

ಬಸ್ಸು ಶಿರಾಳಕೊಪ್ಪ ಮುಟ್ಟುವಷ್ಟರಲ್ಲಿ ಮೊಬೈಲಿನಲ್ಲಿ ಉಳಿದದ್ದನ್ನೆಲ್ಲ ಓದಿ ಮುಗಿಸಿದ್ದೆ. ಇನ್ನಿಬ್ಬರೂ ಮೊದಲನೆಯವರನ್ನು ಒಪ್ಪಿರಲಿಲ್ಲ. ಕಾಲುದಾರಿ ಇದ್ದರೆ ಸಾಕು, ಅನನುಕೂಲ ಬೇರೆ, ಅಗತ್ಯ ಬೇರೆ ಎಂದು ಇಬ್ಬರೂ ಸೇರಿ ಆ ರೈತನನ್ನು ಸೋಲಿಸಿದ್ದರು. ನಾನು ಗೆರೆ ಎಳೆದು ಕೊಟ್ಟದ್ದು ಸೋತವರ ಮಾತು! ಗೆದ್ದವರ ಮಾತು ಪೂರ್ತಿ ಬೇಲಿ ಹಾಕಿದವನ ಕಡೆಗಿತ್ತು. ನನ್ನ ಮೇಲೆ ನನಗೇ ಬಂದ ಸಿಟ್ಟು ಮುಖದಲ್ಲಿ ಎಷ್ಟು ಕಾಣುತ್ತಿತ್ತೆಂದರೆ, ಪಕ್ಕದಲ್ಲಿ ಕೂತಿದ್ದ ಅಜ್ಜಿ “ಯಾಕವ್ವಾ, ಹೊಟ್ಟೆ ತೊಳಸ್ತೈತಾ?” ಎಂದು ಕಿಟಕಿ ಬಿಟ್ಟುಕೊಟ್ಟರು.

ಸುಮ್ಮನಿರಬಹುದಿತ್ತು. ಎದುರು ವಕೀಲರ ಹತ್ತಿರ ಇದ್ದದ್ದೂ ಅದೇ ಇಪ್ಪತ್ತು ಪುಟ. ಆದರೆ ನ್ಯಾಯಾಧೀಶರು ಅದನ್ನು ನಂಬಿ ತೀರ್ಪು ಬರೆದರೆ? ಮುಂದೆ ಮೇಲ್ಮನವಿಯಲ್ಲಿ ಯಾರಾದರೂ ಮೂರನ್ನೂ ಓದಿದರೆ? ಆಗ ಮುರಿದು ಬೀಳುವುದು ಆಕೆಯ ದಾರಿ, ನನ್ನ ಕೋಟಲ್ಲ. ಸೊರಬ ಬಂದಾಗ ಹೇಳಿಬಿಡುವುದೆಂದು ತೀರ್ಮಾನವಾಗಿತ್ತು.

ಕೋರ್ಟಿನ ಜಗಲಿಯಲ್ಲಿ ಆಕೆ ಕೂತಿದ್ದರು. ಮೊದಲು ಅವರಿಗೇ ಹೇಳಿದೆ. “ಅಮ್ಮಾ, ನನ್ನಿಂದ ತಪ್ಪಾಗಿದೆ. ಆ ಇಂಗ್ಲೆಂಡಿನ ತೀರ್ಪು ನಮ್ಮ ಕಡೆಗಿಲ್ಲ. ಅವನ ಕಡೆಗಿದೆ.”

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಚೀಲ ಪಕ್ಕಕ್ಕಿಟ್ಟು, “ಅಲ್ರೀ ಲಾಯ್ರಮ್ಮ, ಆ ಪರಂಗಿಯೋರಿಗೆ ನಮ್ ದಾರಿ ಎಲ್ಲಿ ಗೊತ್ತು? ನಮ್ಮಾವ ಬರ್ಸಿದ್ದು ಐತಲ್ಲ ಪಾಲುಪಟ್ಟಿನಾಗೆ. ದಾರಿದೂ ಬರ್ಸಿದ್ದೀನಿ ಕಣವ್ವಾ ಅಂತ ಸಾಯೋವರ್ಗೂ ಹೇಳ್ತಿದ್ರು,” ಅಂದರು.

ಪಾಲುಪಟ್ಟಿ ನಾವೇ ಹಾಜರುಪಡಿಸಿದ ದಾಖಲೆ. ಗದ್ದೆ ಇವರದೇ ಎಂದು ತೋರಿಸಲು ಕೊಟ್ಟು, ಅಷ್ಟಕ್ಕೇ ಮರೆತಿದ್ದೆ. ಅಲ್ಲೇ ನಿಂತು ಫೈಲು ಬಿಚ್ಚಿದೆ. ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ ಮುಗಿದ ಮೇಲೆ, ಕೊನೆಗೆ ಒಂದೇ ಒಂದು ಸಾಲು: ಹಾಲಿ ಇರುವ ಬಂಡಿದಾರಿಯಲ್ಲಿ ಇಬ್ಬರೂ ಮಾಮೂಲಿನಂತೆ ಓಡಾಡತಕ್ಕದ್ದು. ಕೆಳಗೆ ಮೈದುನನ ಸಹಿ. ಇಂಗ್ಲೆಂಡಿನ ಇಪ್ಪತ್ತು ಪುಟ ಓದಿದವಳು ಮನೆಯ ಕಾಗದದ ಕೊನೆ ಸಾಲು ಓದಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಆಕೆಯ ಕೈ ಹಿಡಿದುಕೊಂಡೆ.

ನಮ್ಮ ಕೇಸು ಕೂಗಿದಾಗ ಎದ್ದು ನಿಂತವಳೇ ತಪ್ಪೊಪ್ಪಿಕೊಂಡೆ. “ಸ್ವಾಮಿ, ನಾನು ಸಲ್ಲಿಸಿದ ವಿದೇಶಿ ತೀರ್ಪಿನ ಪುಟಗಳು ಭಿನ್ನಮತ ಬರೆದವರದು. ಬಹುಮತ ನನ್ನ ಕಕ್ಷಿದಾರರ ವಿರುದ್ಧ ಇದೆ. ಪೂರ್ತಿ ಓದದೆ ಕೊಟ್ಟದ್ದು ನನ್ನ ತಪ್ಪು.”

ಎದುರು ವಕೀಲರು ತಟ್ಟನೆ ಎದ್ದರು. “ಹಾಗಾದರೆ ಸ್ವಾಮಿ, ಆ ಬಹುಮತವನ್ನು ನಾನು ಅವಲಂಬಿಸುತ್ತೇನೆ.”

ನ್ಯಾಯಾಧೀಶರು ಅವರ ಲಿಖಿತ ಉತ್ತರವನ್ನು ತಿರುವಿದರು. “ಇಂಗ್ಲೆಂಡಿನ ತೀರ್ಪು ಸೊರಬಕ್ಕೆ ಸಲ್ಲುವುದೇ ಇಲ್ಲ ಅಂತ ನೀವೇ ಎರಡು ಪುಟ ಬರೆದಿದ್ದೀರಲ್ಲ. ಈಗ ಸಲ್ಲುತ್ತದೆಯೇ?”

ಮೊದಲು ನಕ್ಕವರು ಆ ಹಿರಿಯರೇ. ಆಮೇಲೆ ಇಡೀ ಕೋರ್ಟೇ ನಕ್ಕಿತು. ನ್ಯಾಯಾಧೀಶರು ನನ್ನ ಕಡೆ ತಿರುಗಿ, “ಅದು ನಮ್ಮನ್ನು ಕಟ್ಟಿಹಾಕುವ ತೀರ್ಪಲ್ಲ. ಹೇಳಿದ್ದು ಒಳ್ಳೆಯದಾಯಿತು. ಇಂಗ್ಲೆಂಡು ಸಾಕು, ಹೊಸಬಾಳೆಗೆ ಬನ್ನಿ,” ಅಂದರು.

ಬಂದೆ. ಪಾಲುಪಟ್ಟಿಯ ಆ ಸಾಲನ್ನು ಎರಡು ಸಲ ಓದಿದೆ. ದಾರಿ ಮುಚ್ಚುವ ಹಕ್ಕು ಮೈದುನನಿಗೇ ಇಲ್ಲದ ಮೇಲೆ, ಅವನಿಂದ ಕೊಂಡವರಿಗೆ ಎಲ್ಲಿಂದ ಬಂತು ಎಂದು ಕೇಳಿದೆ. ಹತ್ತೇ ನಿಮಿಷದ ವಾದ. ಹೊರಗೆ ಬಂದಾಗ ಹಿರಿಯರು, “ಮೊದ್ಲೇ ಹೇಳಿದ್ರೆ ನಾನು ಆ ಎರಡು ಪುಟ ಬರೀತಿರ್ಲಿಲ್ಲ ಕಣ್ರೀ,” ಎಂದು ತಮಾಷೆ ಮಾಡಿದರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಕ್ಯಾಂಟೀನಿನಲ್ಲಿ ಬೆಳಗಿನಿಂದ ಕುಡಿಯದ ಚಹಾ ಎರಡು ಲೋಟ ಕುಡಿದೆ.

ಭತ್ತ ಹಣ್ಣಾಗುವ ಹೊತ್ತಿಗೆ ತೀರ್ಪು ಬಂತು: ಬೇಲಿ ತೆಗೆಯಬೇಕು, ಬಂಡಿದಾರಿ ಇಬ್ಬರಿಗೂ ಸೇರಿದ್ದು. ಅವನು ಮೇಲ್ಮನವಿ ಹೋಗಲಿಲ್ಲ. ಗುರುಗಳಿಗೆ ತೀರ್ಪನ್ನು ಓದಿ ಹೇಳಿದೆ, ಕೊನೆಯ ಪುಟದಿಂದ ಶುರುಮಾಡಿ. ಅವರು ಚಹಾ ತರಿಸಿದರು.

ಕೊಯ್ಲಿನ ದಿನ ಆಕೆ ಫೋನ್ ಮಾಡಿ ಕರೆದರು, ಹೋದೆ. ಅವತ್ತೇ ನಾನು ಆ ದಾರಿಯನ್ನು ಮೊದಲ ಸಲ ನೋಡಿದ್ದು. ಇಷ್ಟುದ್ದ ವಾದ ಮಾಡಿದ್ದು ಇಷ್ಟೇ ಇಷ್ಟು ಮಣ್ಣಿಗೆ! ಒಂದು ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ ದಾಟಬಹುದು. ಬೇಲಿಯ ಗೂಟ ಕಿತ್ತ ಗುಂಡಿಗಳಿಗೆ ಆಕೆಯೇ ಮಣ್ಣು ತುಂಬಿ ತುಳಿದಿದ್ದರು. ನಾನು ನಟ್ಟನಡುವೆ ನಿಂತು ಫೋಟೊ ತೆಗೆಯುತ್ತಿದ್ದೆ. ಹಿಂದಿನಿಂದ ಟ್ರ್ಯಾಕ್ಟರು ಹಾರ್ನ್ ಹೊಡೆಯಿತು. ಟ್ರೈಲರಿನ ತುಂಬ ಭತ್ತದ ಹೊರೆ, ಅದರ ಮುಂದೆ ಬರಿಗೈಯಲ್ಲಿ, ಬರಿತಲೆಯಲ್ಲಿ ಆಕೆ.

“ಸರ್ಕಳ್ರೀ ಲಾಯ್ರಮ್ಮ,” ಎಂದು ಕೂಗಿದರು, “ದಾರಿ ಬಿಡ್ರೀ!”