ಗೌರವ್ವನ ಎರಡು ರೇಡಿಯೊ

ಗೋವಾದ ಪರ್ವರಿಯಲ್ಲಿ ನನ್ನ ಕಿರಾಣಿ ಅಂಗಡಿ ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುವ ಗಿರಾಕಿ ಗೌರವ್ವ. ನವಲಗುಂದದ ಕಡೆಯವಳು. ಫ್ಲ್ಯಾಟುಗಳಲ್ಲಿ ಪಾತ್ರೆ ತಿಕ್ಕಿ, ನೆಲ ಒರೆಸಿ ಮಕ್ಕಳನ್ನು ದಡ ಹತ್ತಿಸಿದ ಹೆಂಗಸು. ಬಾಯಿ ಜೋರು. ನನ್ನ ತಕ್ಕಡಿಯ ಮೇಲೆ ಅವಳಿಗೆ ಎಂದೂ ನಂಬಿಕೆಯಿಲ್ಲ. ಅಂಥವಳು ಆ ಸೋಮವಾರ ನಾನು ಸಕ್ಕರೆ ತೂಗಿದ್ದನ್ನೂ ನೋಡದೆ ನಿಂತಿದ್ದಳು, ಎರಡು ಕೈಯಲ್ಲಿ ಎರಡು ರೇಡಿಯೊ ಹಿಡಿದುಕೊಂಡು.

“ಅಣ್ಣಾರ, ನನ್ನ ತಲಿ ಕೆಟ್ಟೈತ್ರಿ. ನಮ್ಮಕ್ಕ ಫೋನ ಎತ್ತವಲ್ಲಳು.”

ಅಕ್ಕನ ವಿಷಯ ನನಗೆ ಗೊತ್ತಿತ್ತು. ಊರಿನಲ್ಲಿರುವ ಲಕ್ಷ್ಮವ್ವನಿಗೆ ಮೊಣಕಾಲು ಹೋಗಿವೆ, ಹೊಸ್ತಿಲು ದಾಟುವುದೇ ಕಷ್ಟ. ಇವಳಿಗೋ ರಜೆ ಸಿಗುವುದಿಲ್ಲ. ಸಣ್ಣವರಿದ್ದಾಗ ಎದುರುಬದುರು ಕೂತು, ಬೀಸುಕಲ್ಲಿನ ಒಂದೇ ಗೂಟ ಹಿಡಿದು, ಹಾಡುತ್ತ ಜೋಳ ಬೀಸಿದವರು ಈ ಅಕ್ಕತಂಗಿ. ಈಗ ಸೋಮವಾರ ಬೆಳಿಗ್ಗೆ ಧಾರವಾಡ ಆಕಾಶವಾಣಿಯಲ್ಲಿ ಜನಪದ ಹಾಡು ಬರುವಾಗ ಅಲ್ಲಿ ಅವಳು, ಇಲ್ಲಿ ಇವಳು ರೇಡಿಯೊ ಹಚ್ಚಿ, ಫೋನಿನಲ್ಲಿ ಕೂಡಿ ಹಾಡುತ್ತಾರೆ. ಅವರ ಭೇಟಿ ಅಂದರೆ ಅಷ್ಟೇ. ಇಬ್ಬರ ಹತ್ತಿರವೂ ಒಂದೇ ಥರದ ಹಳೆಯ ರೇಡಿಯೊ.

ಅದು ಗುರ್ ಗುರ್ ಅನ್ನುತ್ತದೆಂದು ಗೌರವ್ವನ ಮಗಳು ಮಲ್ಲಿಕಾ, ಮಡ್ಕಯಿಯ ಫ್ಯಾಕ್ಟರಿಗೆ ಹೋಗುವವಳು, ಅವ್ವನಿಗೆ ಡಿಜಿಟಲ್ ರೇಡಿಯೊ ತಂದುಕೊಟ್ಟಿದ್ದಳು. ಪಕ್ಕದ ಮನೆಯಲ್ಲಿ ಮಿಕ್ಸರ್ ತಿರುಗಿದರೂ ಅದರ ದನಿ ಅಲುಗುವುದಿಲ್ಲ. ಹಾಡುವವರು ಕೋಣೆಯಲ್ಲೇ ಕೂತ ಹಾಗೆ ಕೇಳುತ್ತದೆ. ಗೋಡೆಯ ಮೂಲೆಗೆ ಸರಿಸಿದರೆ ಮಾತ್ರ ಪೂರ್ತಿ ಮೂಕ. ಹಳೆಯದಾದರೆ ಅಲ್ಲಿಯೂ ಕೆಮ್ಮುತ್ತ ನರಳುತ್ತ ಹೇಗೋ ಹಾಡು ದಾಟಿಸುತ್ತಿತ್ತು.

ಹೊಸದನ್ನು ಹಚ್ಚಿ ಹಾಡಿದ ದಿನವೇ ಜಗಳ. “ನಾ ಹಾಡಿದ್ದನ್ನ ಹಿಂದಿಂದ ಹಾಡಿ ಅಣಕಸ್ತಿ ಏನ? ಗೋವಾಕ್ಕ ಹೋಗಿ ಭಾಳ ಶಾಣ್ಯಾಕಿ ಆದಿ,” ಎಂದು ಫೋನ್ ಇಟ್ಟ ಲಕ್ಷ್ಮವ್ವ ಮತ್ತೆ ಎತ್ತಿಲ್ಲ.

“ನಾ ರೇಡಿಯೊ ಕೂಡನ ಹಾಡೀನ್ರಿ. ಅಕಿನ ಅವಸರ ಮಾಡಿದ್ಲು. ಇಲ್ಲಾ, ನಾನ ತಡಾ ಮಾಡಿದ್ನೋ ಏನೋ. ಖರೇ ಏನಂತ ತಿಳಿವಲ್ದು.” ಗೌರವ್ವನ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಎರಡೂ ರೇಡಿಯೊಗಳನ್ನು ಮೇಜಿನ ಮೇಲಿಟ್ಟು ಧಾರವಾಡಕ್ಕೆ ತಿರುವಿದೆ. ಹಳೆಯದರಲ್ಲಿ ಒಂದು ಸಾಲು ಮುಗಿಯುತ್ತ ಬಂದಾಗ ಹೊಸದರಲ್ಲಿ ಅದೇ ಸಾಲು ಶುರುವಾಯಿತು. ಹೊಸದರ ಬೆನ್ನಿಗೆ ಒಂದು ಏಟು ಕೊಟ್ಟೆ. ಏನೂ ಬದಲಾಗಲಿಲ್ಲ. ಹಾಲು ಕೊಳ್ಳಲು ಬಂದ ಪಕ್ಕದ ಬೀದಿಯ ಯಾಕೂಬ, ಹಳೆಯದೇ ಮುಂದೆ ಓಡುತ್ತಿದೆ ಎಂದ. ಇನ್ನೂ ಹಾಡದ ಹಾಡನ್ನು ಅದು ಎಲ್ಲಿಂದ ತರುತ್ತದೋ ಮಾರಾಯಾ ಎಂದು ನಾನು ರೇಗಿದೆ.

ಬಸ್ಸಿಗೆ ಹೊರಟಿದ್ದ ಮಲ್ಲಿಕಾ ಗದ್ದಲ ಕೇಳಿ ಒಳಗೆ ಬಂದಳು. “ಡಿಜಿಟಲ್ ಅಂದ್ರ ಹಾಡು ಗಂಟು ಕಟ್ಟಿ ಕಳಸ್ತಾರವ್ವಾ. ಇದು ಗಂಟು ಬಿಚ್ಚಿ, ಹೊಂದಿಸಿ ಹಾಡಬೇಕು. ಅದಕ್ಕ ಒಂದೀಟು ತಡಾ.”

“ಒಂದೀಟು ತಡಾ ಆದ್ರ ಕಲ್ಲು ಜಗ್ಗತೈತಿ,” ಎಂದಳು ಗೌರವ್ವ. ಬೀಸುವಾಗ ಒಬ್ಬರ ಕೈ ಹಿಂದೆ ಬಿದ್ದರೆ ಭಾರವೆಲ್ಲ ಇನ್ನೊಬ್ಬರ ರಟ್ಟೆಗೆ. ಆಮೇಲೆ ಅವಳು ಮಗಳನ್ನು ಕೇಳಿದಳು: “ಹಂಗಾರ ಅಲ್ಲೀತನಾ ಹಾಡು ಎಲ್ಲಿ ಕುಂತಿರತೈತಿ?”

ಮಲ್ಲಿಕಾ ನನ್ನ ಮುಖ ನೋಡಿದಳು. ನಾನು ಸಕ್ಕರೆ ಪೊಟ್ಟಣ ಕಟ್ಟತೊಡಗಿದೆ.

“ಹೊಸಾದು ದಂಡ ಆತೇನ್ರಿ ಕಾಕಾ?” ಎಂದಳು ಹುಡುಗಿ, ಮುಖ ಸಣ್ಣದು ಮಾಡಿ. ಸುದ್ದಿ ಕೇಳುವವರಿಗೆ ಇದಕ್ಕಿಂತ ಚಲೋ ಇಲ್ಲ ಎಂದೆ. ಗೌರವ್ವ ಕೇಳುವುದು ಸುದ್ದಿಯಲ್ಲವಲ್ಲ ಎಂದು ಮರುಕ್ಷಣವೇ ಅನಿಸಿತು. ಕೊಂಡದ್ದು ಸರಿಯೋ ತಪ್ಪೋ ನನಗೂ ಬಗೆಹರಿಯಲಿಲ್ಲ.

ಹಾಡು ಇನ್ನೂ ನಡೆದಿತ್ತು. ನನ್ನ ಫೋನಿನಿಂದ ಲಕ್ಷ್ಮವ್ವನಿಗೆ ಹಚ್ಚಿ, ಸ್ಪೀಕರ್ ಹಾಕಿ, ಗೌರವ್ವನ ಕೈಗೆ ಕೊಟ್ಟೆ. ಗುರುತಿಲ್ಲದ ನಂಬರೆಂದು ಅಕ್ಕ ಎತ್ತಿದಳು. ಗೌರವ್ವ ಹೊಸದನ್ನು ಬಂದ್ ಮಾಡಿ, ಹಳೆಯದನ್ನು ಹತ್ತಿರಕ್ಕೆಳೆದು, ಒಂದು ಮಾತೂ ಆಡದೆ ಹಾಡತೊಡಗಿದಳು. ಆ ಕಡೆ ಸದ್ದಿಲ್ಲ. ಫೋನ್ ಇಟ್ಟೇಬಿಟ್ಟಳು ಅಂದುಕೊಂಡೆ. ಸಾಲು ತಿರುಗಿ ಬಂದಾಗ ಲಕ್ಷ್ಮವ್ವನ ಒರಟು ದನಿ ಸರಿಯಾಗಿ ಅದರ ಜೊತೆ ಕೂಡಿತು.

ಹಾಡು ಮುಗಿದ ಮೇಲೆ ಲಕ್ಷ್ಮವ್ವ ಕೇಳಿದಳು: “ಏನದು ಗುರ್ ಗುರ್ ಅನ್ನಾಕತ್ತಿದ್ದು?”

“ನನ್ನ ಹಳೇ ರೇಡಿಯೊ ಅಕ್ಕಾ. ಹೊಸಾದು ಭಾಳ ಸ್ವಚ್ಛ ಹಾಡತೈತಿ. ಅದನ್ನ ಹಚ್ಚಲೇನು?”

“ಬ್ಯಾಡವ್ವಾ. ಈಗ ಎದುರಿಗೆ ಕುಂತಂಗ ಆತು.”