ಹೊಂಡಕ್ಕೆ ಹಗ್ಗ ಕಟ್ಟಬಹುದು

ಜಂಗಮಕೋಟೆ ಹತ್ತಿರ ನಮ್ಮ ಚಿಕ್ಕಮ್ಮನ ಹಿಪ್ಪುನೇರಳೆ ತೋಟದಲ್ಲಿ ಹೊಸ ಕೃಷಿ ಹೊಂಡ ಮಾಡಿಸಿದ್ದರು. ನೀರು ಇಂಗದ ಹಾಗೆ ದಡದಿಂದ ತಳದವರೆಗೂ ಕಪ್ಪು ಪ್ಲಾಸ್ಟಿಕ್ ಹಾಳೆ. ಭಾನುವಾರ ನೋಡಲು ಹೋಗಿದ್ದೆ. ಚಿಕ್ಕಮ್ಮ ಬಿಂದಿಗೆ ಹಿಡಿದು ಬಗ್ಗಿದಳು, ಅಷ್ಟೇ. ಜಾರಿ ನೀರಿಗೆ ಬಿದ್ದಳು.

ಅಯ್ಯೋ ಶಿವನೇ! ದಡ ಕೈಗೆಟುಕುವಷ್ಟು ಹತ್ತಿರ, ಆದರೂ ಹಿಡಿತ ಸಿಗುತ್ತಿಲ್ಲ. ಹಾಳೆಯನ್ನು ಪರಚುತ್ತಾಳೆ, ಜಾರುತ್ತಾಳೆ, ಮತ್ತೆ ಪರಚುತ್ತಾಳೆ. ಚಿಕ್ಕಪ್ಪ ಉಟ್ಟ ಪಂಚೆ ಬಿಚ್ಚಿ ಒಂದು ತುದಿ ಎಸೆದರು. ಅದನ್ನು ಹಿಡಿದುಕೊಂಡು ಮೇಲೆ ಬಂದಳು.

"ಬಿದ್ದೋರು ಹಿಡ್ಕೊಂಡು ಹತ್ತೋ ಹಾಗೆ ಒಂದು ಹಗ್ಗ ಕಟ್ಟೋಕೆ ನಿಮಗೇನು ದಾಡಿ?" ಎಂದು ಕೂಗಾಡಿದೆ.

ಚಿಕ್ಕಪ್ಪ ಚಡ್ಡಿಯಲ್ಲೇ ನಿಂತು ಪಂಚೆ ಹಿಂಡುತ್ತಿದ್ದರು. "ಕಾಂಟ್ರಾಕ್ಟರ್‌ನ ಕೇಳ್ದೆ ಕಣಮ್ಮ. ಸರ್ಕಾರದ ಕಾಗದದಾಗೆ ಹಾಳೆ ಹಾಕತಕ್ಕದ್ದು ಅಂತ ಬರ್ದವ್ರೆ, ಹಾಕಿದೀನಿ. ಹಗ್ಗ ಕಟ್ಟಬಹುದು ಅಂತ ಐತೆ, ಅದು ನಿಮ್ಮಿಷ್ಟ ಅಂದ."

ಇಂಥ ಬರಹವೇ ನನ್ನ ಹೊಟ್ಟೆಪಾಡು. ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಕಾಮಗಾರಿಗಳ ತಾಂತ್ರಿಕ ವಿವರ ಓದಿ ತಿದ್ದುವವಳು ನಾನು. 'ತಕ್ಕದ್ದು' ಎಂದರೆ ಮಾಡದೆ ವಿಧಿಯಿಲ್ಲ. 'ಮಾಡುವುದು ಒಳ್ಳೆಯದು' ಎಂದರೆ ಬಿಡಲು ಕಾರಣ ಹೇಳಬೇಕು. 'ಬಹುದು' ಎಂದರೆ ಬಿಟ್ಟರೂ ಕೇಳುವವರಿಲ್ಲ.

ಹೊಸ ಹೊಂಡಗಳ ವಿವರ ಮರುದಿನವೇ ನನ್ನ ಮೇಜಿಗೆ ಬಂತು. ಹಾಳೆಯ ದಪ್ಪ, ಬೆಸುಗೆ, ಅಂಚು, ಎಲ್ಲದಕ್ಕೂ ತಕ್ಕದ್ದು. ಹಗ್ಗ, ಬೇಲಿಗೆ ಮಾತ್ರ ಬಹುದು. ಥೂ! ನೀರು ಸೋರಬಾರದೆಂಬುದು ಕಡ್ಡಾಯ, ಮನುಷ್ಯರು ಮುಳುಗಬಾರದೆಂಬುದು ಅವರವರ ಇಷ್ಟವೇ? ಸಿಟ್ಟಿನಲ್ಲಿ ಆ 'ಬಹುದು' ಹೊಡೆದುಹಾಕಿ 'ಕಟ್ಟತಕ್ಕದ್ದು' ಎಂದು ಬರೆದು ಮೇಲಧಿಕಾರಿಯ ಮುಂದಿಟ್ಟೆ. ಅವರು ಚಿಂತಾಮಣಿ ಕಡೆಯವರು, ಯಾರಿಗೂ ಎದುರಾಡದ ಸಾಧು ಮನುಷ್ಯ.

"ಏನಮ್ಮ, ರೈತರಿಗೆ ಆರ್ಡರ್ ಮಾಡ್ದಂಗೈತೆ. ದೊಡ್ಡೋರು ಓದ್ತಾರೆ, ಒಸಿ ಮರ್ಯಾದೆಯಾಗಿ ಬರಿ. 'ಸಾಧ್ಯವಾದಲ್ಲಿ' ಅಂತ ಸೇರಿಸ್ಬಿಡು."

ನಾನು ದಂಗಾದೆ. ಇಷ್ಟೆಲ್ಲಾ ಮರ್ಯಾದೆಗೋ!

"ಹಾಳೆಗೆ ಆರ್ಡರ್ ಮಾಡಿದೀವಲ್ಲ ಸಾರ್?"

"ಹಾಳೆ ಇಲ್ದಿದ್ರೆ ನೀರು ಹೋಗ್ತದಲ್ಲಮ್ಮ."

"ಹಗ್ಗ ಇಲ್ದೆ ನಿನ್ನೆ ನಮ್ಮ ಚಿಕ್ಕಮ್ಮನೇ ಹೋಗ್ತಿದ್ಲು ಸಾರ್!" ಎಂದೆ. ಅವಳ ಉಗುರು ಕಿತ್ತುಬಂದದ್ದನ್ನೂ ಹೇಳಿದೆ.

ಅವರ ಮುಖ ಬಿಳುಚಿಕೊಂಡಿತು. ನಾನು ಬರೆದದ್ದರ ಕೆಳಗೆ ಸಹಿ ಹಾಕಿದರು. ಆಮೇಲೆ ಫೋನ್ ತೆಗೆದು ಊರಿಗೆ ಮಾಡಿದರು. ಅವರ ತೋಟದಲ್ಲೂ ಹೊಂಡವಿದೆಯೆಂದು ನನಗೆ ತಿಳಿದದ್ದು ಆಗಲೇ.

"ಏ, ಮಕ್ಕಳು ಎಲ್ಲವ್ರೆ? ಮೊದ್ಲು ನೋಡು ಹೋಗು."